ಓಮದ ವಾಸನೆಯ ಕೋಳಿ ಫೀಡು: ಆ್ಯಂಟಿಬಯಾಟಿಕ್‌ನಿಂದ ಗಿಡಮೂಲಿಕೆವರೆಗೆ 70 ವರ್ಷದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತಿನ ಕಥೆ ಒಂದು ವಾಸನೆಯಿಂದ ಶುರುವಾಗುತ್ತೆ. ನಮ್ಮ ಚಿಕ್ಕಪ್ಪಂದು ಚಿಕ್ಕಬಳ್ಳಾಪುರದ ಕಡೆ ಒಂದು ಕೋಳಿ ಶೆಡ್ ಇದೆ. ಐದು ಸಾವಿರ ಬ್ರಾಯ್ಲರ್ ಮರಿ ಬಿಡೋ ಶೆಡ್ಡು. ಮರಿ ಕಂಪನೀದು, ಫೀಡ್ ಕಂಪನೀದು, ಔಷಧಿ ಕಂಪನೀದು. ಶೆಡ್ಡು, ಕರೆಂಟ್ ಬಿಲ್ಲು, ನಿದ್ದೆಗೆಟ್ಟು ನೋಡ್ಕೊಳ್ಳೋದು ಮಾತ್ರ ಚಿಕ್ಕಪ್ಪಂದು. ಕೆಜಿಗೆ ಇಷ್ಟು ಅಂತ ಸಾಕಣೆ ಕೂಲಿ ಕೊಡ್ತಾರೆ. ಕಾಂಟ್ರ್ಯಾಕ್ಟ್ ಫಾರ್ಮಿಂಗ್ ಅಂತಾರಲ್ಲ, ಅದೇ.

2020ರಲ್ಲಿ ಲಾಕ್‌ಡೌನ್ ಸಡಿಲ ಆದ ಮೇಲೆ ನಾನು ಊರಿಗೆ ಹೋದಾಗ ಚಿಕ್ಕಪ್ಪ ಹೊಸ ಫೀಡ್ ಚೀಲ ಬಿಚ್ಚಿ, ಒಂದು ಹಿಡಿ ನನ್ನ ಮೂಗಿನ ಹತ್ರ ಹಿಡಿದ್ರು. "ಏನ್ ವಾಸನೆ ಹೇಳಪ್ಪ ನೋಡೋಣ?" ಅಂದ್ರು. ನನಗೆ ತಕ್ಷಣ ಗೊತ್ತಾಯ್ತು. ಓಮ! ಹೊಟ್ಟೆನೋವು ಬಂದಾಗ ಅಜ್ಜಿ ಕಾಯಿಸಿ ಕೊಡ್ತಿದ್ದ ಓಮದ ನೀರಿನ ವಾಸನೆ. "ಈಗ ಎಲ್ಲಾ ಹರ್ಬಲ್ ಕಣಪ್ಪ. ಮುಂಚೆ ಹಾಕ್ತಿದ್ದ ಆ ಪೌಡರ್ ಬಂದ್ ಆಗೋಯ್ತು" ಅಂದ್ರು.

ಆ ಪೌಡರ್ ಯಾವುದು ಅಂತ ನನಗೆ ಗೊತ್ತಿತ್ತು. ಅದರ ಹೆಸರನ್ನ ನಾನು ಅದಕ್ಕೆ ಎರಡು ವರ್ಷ ಮುಂಚೆ ಒಂದು ಆಸ್ಪತ್ರೆಯ ಐಸಿಯುನಲ್ಲಿ ಓದಿದ್ದೆ, ಅಜ್ಜಿಯ ಮಂಚದ ಪಕ್ಕದಲ್ಲಿ. ಆ ಮಾತಿಗೆ ಆಮೇಲೆ ಬರ್ತೀನಿ. ಮೊದಲು, ಕೋಳಿ ಫೀಡಿಗೆ ಔಷಧಿ ಬಂದಿದ್ದು ಹೇಗೆ ಅನ್ನೋದನ್ನ ನೋಡೋಣ.

ಕಸದಲ್ಲಿ ಸಿಕ್ಕಿದ ಲಾಭ

1948. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಅನ್ನೋ ಊರು. ಅಲ್ಲಿದ್ದ ಲೆಡರ್ಲೆ ಪ್ರಯೋಗಾಲಯದಲ್ಲಿ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಎಂಬ ಇಬ್ಬರು ವಿಜ್ಞಾನಿಗಳು ಕೋಳಿಮರಿಗಳ ಆಹಾರದ ಬಗ್ಗೆ ಕೆಲಸ ಮಾಡ್ತಿದ್ದರು. ಅವರಿಗೆ ಬೇಕಾಗಿದ್ದು ವಿಟಮಿನ್ ಬಿ12. ಮೀನಿನ ಪುಡಿ, ಮಾಂಸದ ಪುಡಿ ದುಬಾರಿ. ಅದರ ಬದಲು ಸೋಯಾ, ಜೋಳದಂಥ ಸಸ್ಯಾಹಾರ ಹಾಕಿದ್ರೆ ಮರಿಗಳಿಗೆ ಬಿ12 ಸಿಗಲ್ಲ. ಹಾಗಾಗಿ ಅಗ್ಗವಾಗಿ ಬಿ12 ಎಲ್ಲಿ ಸಿಗುತ್ತೆ ಅಂತ ಹುಡುಕಾಟ.

ಅದೇ ಕಂಪನಿಯಲ್ಲಿ ಆರಿಯೋಮೈಸಿನ್ ಅನ್ನೋ ಹೊಸ ಆ್ಯಂಟಿಬಯಾಟಿಕ್ ತಯಾರಾಗ್ತಿತ್ತು. ಮಣ್ಣಿನಲ್ಲಿರೋ ಒಂದು ಸೂಕ್ಷ್ಮಜೀವಿಯನ್ನ ದೊಡ್ಡ ತೊಟ್ಟಿಗಳಲ್ಲಿ ಹುದುಗಿಸಿ, ಔಷಧಿ ತೆಗೆದ ಮೇಲೆ ಒಂದು ರಾಡಿ ಉಳೀತಿತ್ತು. ಕಬ್ಬು ಅರೆದ ಮೇಲೆ ಸಿಪ್ಪೆ ಉಳಿಯೋ ಹಾಗೆ. ಅದರಲ್ಲಿ ಬಿ12 ಇರಬಹುದು ಅಂತ ಅದನ್ನ ಮರಿಗಳಿಗೆ ಹಾಕಿ ನೋಡಿದರು. ಮರಿಗಳು ಬೆಳೆದ್ವು, ಆದರೆ ಬಿ12 ಒಂದರಿಂದಲೇ ಆಗಬಹುದಾದ್ದಕ್ಕಿಂತ ಜಾಸ್ತಿ ಬೆಳೆದ್ವು. ಕೊನೆಗೆ ಗೊತ್ತಾಗಿದ್ದು ಏನಂದ್ರೆ, ಆ ರಾಡಿಯಲ್ಲಿ ಉಳಿದುಕೊಂಡಿದ್ದ ಚೂರುಪಾರು ಆ್ಯಂಟಿಬಯಾಟಿಕ್ಕೇ ಕಾರಣ.

1950ರ ಏಪ್ರಿಲ್‌ನಲ್ಲಿ ಈ ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟಕ್ಕೆ ಬಂತು. 1951ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಪಶುವೈದ್ಯರ ಚೀಟಿ ಇಲ್ಲದೇನೇ ಫೀಡಿನಲ್ಲಿ ಆ್ಯಂಟಿಬಯಾಟಿಕ್ ಬೆರೆಸಬಹುದು ಅಂತ ಒಪ್ಪಿಗೆ ಕೊಟ್ಟಿತು. ರೋಗ ಬಂದ ಕೋಳಿಗೆ ಕೊಡೋ ಮದ್ದು ಅಲ್ಲ ಇದು. ಚೆನ್ನಾಗಿರೋ ಕೋಳಿಗೆ ದಿನಾ ಸ್ವಲ್ಪ ಸ್ವಲ್ಪ ಹಾಕೋದು. ಕರುಳಿನಲ್ಲಿರೋ ಬ್ಯಾಕ್ಟೀರಿಯಾಗಳ ಕಾಟ ಕಮ್ಮಿ ಆಗುತ್ತೆ, ತಿಂದಿದ್ದು ಮೈಗೆ ಹತ್ತುತ್ತೆ. ಇದಕ್ಕೆ 'ಗ್ರೋತ್ ಪ್ರೊಮೋಟರ್' ಅಂತ ಹೆಸರು ಬಿತ್ತು.

ಇಲ್ಲಿ ಒಂದು ತಪ್ಪು ತಿಳುವಳಿಕೆ ಸರಿ ಮಾಡಿಬಿಡ್ತೀನಿ. ಬ್ರಾಯ್ಲರ್ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಊದಿಸ್ತಾರೆ ಅಂತ ವಾಟ್ಸ್ಯಾಪ್‌ನಲ್ಲಿ ನೀವೂ ಓದಿರ್ತೀರಿ. ಅದು ನಿಜ ಅಲ್ಲ. ಐದು ಸಾವಿರ ಕೋಳಿಗೆ ಸೂಜಿ ಚುಚ್ಚಿಕೊಂಡು ಕೂತ್ರೆ ಚಿಕ್ಕಪ್ಪಂಗೆ ಬೇರೆ ಕೆಲಸವೇ ಆಗಲ್ಲ. ಕೋಳಿ ಬೇಗ ಬೆಳೆಯೋದಕ್ಕೆ ಮುಖ್ಯ ಕಾರಣ ತಳಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978 ಮತ್ತು 2005ರ ತಳಿಗಳನ್ನ ಒಂದೇ ಥರದ ಆಹಾರ ಹಾಕಿ ಸಾಕಿದರು. ಫಲಿತಾಂಶ 2014ರಲ್ಲಿ ಪ್ರಕಟ ಆಯ್ತು. 56 ದಿನಕ್ಕೆ 1957ರ ಕೋಳಿ ಸುಮಾರು 900 ಗ್ರಾಂ, 1978ರದ್ದು 1.8 ಕೆಜಿ, 2005ರದ್ದು 4.2 ಕೆಜಿ. ಬೆಳೆಯೋ ಶಕ್ತಿ ತಳಿಯಲ್ಲೇ ಇದೆ. ಫೀಡಿನ ಔಷಧಿ ಅದರ ಮೇಲೆ ಒಂದಿಷ್ಟು ಶೇಕಡಾ ಸೇರಿಸ್ತಿತ್ತು, ಅಷ್ಟೇ.

ಆದರೆ ಆ ಒಂದಿಷ್ಟು ಶೇಕಡಾನೇ ಲಾಭ. ಕೋಳಿ ಸಾಕೋ ಖರ್ಚಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಫೀಡಿಗೇ ಹೋಗುತ್ತೆ. ಒಂದು ಕೆಜಿ ತೂಕ ಬರೋಕೆ ಎಷ್ಟು ಕೆಜಿ ಫೀಡ್ ಬೇಕು ಅನ್ನೋದಕ್ಕೆ ಎಫ್‌ಸಿಆರ್ ಅಂತಾರೆ. ಚಿಕ್ಕಪ್ಪಂಗೆ ಸಿಗೋ ಕೂಲಿಯೂ ಆ ಎಫ್‌ಸಿಆರ್ ಮೇಲೇ ನಿಂತಿದೆ. ದಶಮಾಂಶ ಬಿಂದುವಿನ ಪಕ್ಕದ ಒಂದು ಅಂಕಿ ಮೇಲೆ ಹೋದ್ರೆ, ಆ ಬ್ಯಾಚಲ್ಲಿ ಮಗಳ ಕಾಲೇಜ್ ಫೀಸಿಗೆ ಕತ್ತರಿ.

ಎಚ್ಚರಿಕೆ ಕೊಟ್ಟವರು

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಹೇಳಿದ್ದರು: ಔಷಧಿಯನ್ನ ಕಮ್ಮಿ ಪ್ರಮಾಣದಲ್ಲಿ ಕೊಟ್ಟರೆ ಬ್ಯಾಕ್ಟೀರಿಯಾ ಸಾಯಲ್ಲ, ಅದಕ್ಕೆ ಒಗ್ಗಿಕೊಳ್ಳುತ್ತೆ ಅಂತ. ಫೀಡಿನಲ್ಲಿ ನಡೀತಿದ್ದಿದ್ದು ಅದೇ. ದಿನಾ, ಕೋಟಿಗಟ್ಟಲೆ ಕೋಳಿಗಳಿಗೆ, ಕಮ್ಮಿ ಪ್ರಮಾಣದಲ್ಲಿ.

1969ರಲ್ಲಿ ಬ್ರಿಟನ್ನಿನ ಸ್ವಾನ್ ಸಮಿತಿ ಒಂದು ವರದಿ ಕೊಟ್ಟಿತು. ಮನುಷ್ಯರ ಚಿಕಿತ್ಸೆಗೆ ಬೇಕಾದ ಪೆನಿಸಿಲಿನ್, ಟೆಟ್ರಾಸೈಕ್ಲಿನ್‌ಗಳನ್ನ ಪ್ರಾಣಿಗಳ ಬೆಳವಣಿಗೆಗೆ ಬಳಸಬಾರದು ಅಂತ.

ನನಗೆ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು 1976ರ ಒಂದು ಅಧ್ಯಯನ. ಅಮೆರಿಕದ ವೈದ್ಯ ಸ್ಟುವರ್ಟ್ ಲೆವಿ, ಬಾಸ್ಟನ್ ಹತ್ತಿರದ ಒಂದು ಕುಟುಂಬದ ಫಾರ್ಮ್‌ನಲ್ಲಿ ಸುಮಾರು 300 ಕೋಳಿಮರಿ ಸಾಕಿಸಿದರು. ಅರ್ಧಕ್ಕೆ ಟೆಟ್ರಾಸೈಕ್ಲಿನ್ ಬೆರೆಸಿದ ಫೀಡ್, ಇನ್ನರ್ಧಕ್ಕೆ ಮಾಮೂಲಿ ಫೀಡ್. ಒಂದು ವಾರದಲ್ಲೇ ಔಷಧಿ ತಿಂದ ಕೋಳಿಗಳ ಹೊಟ್ಟೆಯಲ್ಲಿ ಆ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ತುಂಬಿಕೊಂಡ್ವು. ಐದಾರು ತಿಂಗಳಲ್ಲಿ ಆ ಮನೆಯವರ ಹೊಟ್ಟೆಯಲ್ಲೂ ಅವು ಕಾಣಿಸಿಕೊಂಡ್ವು. ಅವರು ಯಾರೂ ಆ ಔಷಧಿ ನುಂಗಿರಲಿಲ್ಲ. ಸಮಾಧಾನದ ವಿಷಯ ಒಂದೇ: ಆ ಫೀಡ್ ನಿಲ್ಲಿಸಿದ ಮೇಲೆ ಕೆಲವೇ ತಿಂಗಳಲ್ಲಿ ಬಹುತೇಕರಲ್ಲಿ ಅದು ಇಳಿಯಿತು.

ಇಷ್ಟು ಗೊತ್ತಾದ ಮೇಲೂ ದೇಶಗಳು ನಿಧಾನಕ್ಕೇ ನಡೆದವು. 1986ರಲ್ಲಿ ಸ್ವೀಡನ್ ಗ್ರೋತ್ ಪ್ರೊಮೋಟರ್‌ಗಳನ್ನ ಪೂರ್ತಿ ನಿಷೇಧಿಸಿತು. 1990ರ ದಶಕದಲ್ಲಿ ಡೆನ್ಮಾರ್ಕ್ ಒಂದೊಂದಾಗಿ ನಿಲ್ಲಿಸಿತು. ಕೋಳಿ ಉದ್ಯಮ ಮುಳುಗಿಹೋಗುತ್ತೆ ಅಂತ ಗಲಾಟೆ ಆಗಿತ್ತು, ಆದರೆ ಅಲ್ಲಿನ ಬ್ರಾಯ್ಲರ್ ಲೆಕ್ಕದಲ್ಲಿ ಎಫ್‌ಸಿಆರ್ ಸ್ವಲ್ಪವೇ ಸ್ವಲ್ಪ ಏರಿತು, ಉದ್ಯಮ ಮುಳುಗಲಿಲ್ಲ. 2006ರ ಜನವರಿ 1ರಿಂದ ಇಡೀ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧ ಬಂತು. 2017ರಲ್ಲಿ ಅಮೆರಿಕ, ಮನುಷ್ಯರಿಗೆ ಮುಖ್ಯವಾದ ಆ್ಯಂಟಿಬಯಾಟಿಕ್‌ಗಳನ್ನ ಬೆಳವಣಿಗೆಗೆ ಬಳಸೋದನ್ನ ನಿಲ್ಲಿಸಿತು.

ಈಗ ಎಲ್ಲರ ಮುಂದೆ ಒಂದೇ ಪ್ರಶ್ನೆ: ಅದು ಇಲ್ಲ ಅಂದ್ರೆ ಇನ್ನೇನು ಹಾಕೋದು?

ಓಮ ಜರ್ಮನಿಗೆ ಹೋಗಿ ಬಂದ ಕಥೆ

ಉತ್ತರ ಹುಡುಕ್ತಾ ಹೋದವರು ಗಿಡಮೂಲಿಕೆಗಳ ಹತ್ರ ಬಂದ್ರು. ಓರೆಗಾನೊ, ಥೈಮ್, ಚಕ್ಕೆ, ಮೆಣಸಿನಕಾಯಿ, ಬೆಳ್ಳುಳ್ಳಿ, ಅರಿಶಿನ. ಪಿಜ್ಜಾ ಜೊತೆ ಕೊಡೋ ಆ ಚಿಕ್ಕ ಪ್ಯಾಕೆಟ್ ಇದೆಯಲ್ಲ, ಅದೇ ಓರೆಗಾನೊ. ಅದರ ಎಣ್ಣೆಯಲ್ಲಿ ಕಾರ್ವಕ್ರಾಲ್ ಮತ್ತು ಥೈಮಾಲ್ ಅನ್ನೋ ಎರಡು ಅಂಶಗಳಿವೆ. ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ತೂತು ಮಾಡೋ ಗುಣ ಇವಕ್ಕಿದೆ.

ಥೈಮಾಲ್ ನಮಗೆ ಹೊಸದೇನಲ್ಲ. ನಮ್ಮ ಓಮದ ಎಣ್ಣೆಯಲ್ಲಿ ಮುಖ್ಯವಾಗಿ ಇರೋದೇ ಅದು. ಹಿತ್ತಲಲ್ಲಿ ಬೆಳೆಯೋ ದೊಡ್ಡಪತ್ರೆ ಎಲೆ ಕಿವುಚಿ ಮೂಸಿ ನೋಡಿ, ಪಿಜ್ಜಾ ನೆನಪಾಗುತ್ತೆ. ಅದರಲ್ಲೂ ಇದೇ ಕಾರ್ವಕ್ರಾಲ್, ಥೈಮಾಲ್.

ಥೈಮಾಲನ್ನ ಮೊದಲು ಬೇರ್ಪಡಿಸಿದ್ದು 1719ರಲ್ಲಿ, ಜರ್ಮನಿಯ ಕ್ಯಾಸ್ಪರ್ ನ್ಯೂಮನ್. 20ನೇ ಶತಮಾನದ ಶುರುವಿನಲ್ಲಿ ಅದಕ್ಕೆ ಭಾರಿ ಬೇಡಿಕೆ ಬಂತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರಾಕ್‌ಫೆಲರ್ ಆಯೋಗ 1909ರಿಂದ 1914ರವರೆಗೆ ಕೊಕ್ಕೆಹುಳದ ವಿರುದ್ಧ ದೊಡ್ಡ ಅಭಿಯಾನ ನಡೆಸಿದಾಗ ಕೊಡ್ತಿದ್ದ ಔಷಧಿ ಥೈಮಾಲ್. ಆಗ ಅದರ ತಯಾರಿಕೆ ಹೆಚ್ಚಾಗಿ ಜರ್ಮನಿಯವರ ಕೈಯಲ್ಲಿತ್ತು. ಕಚ್ಚಾ ಮಾಲು ಎಲ್ಲಿಂದ? ಭಾರತದಿಂದ ಹಡಗಿನಲ್ಲಿ ಹೋಗ್ತಿದ್ದ ಓಮದ ಕಾಳು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಆ ದಾರಿ ಮುಚ್ಚಿಹೋಯ್ತು. ಕ್ರಮೇಣ ಕಾರ್ಖಾನೆಯಲ್ಲೇ ಥೈಮಾಲ್ ಮಾಡೋದನ್ನ ಕಲಿತರು, ಓಮದ ಕಾಳು ಮತ್ತೆ ನಮ್ಮ ಅಡುಗೆಮನೆಯ ಡಬ್ಬಕ್ಕೆ ವಾಪಸ್ ಬಂತು. ಅದು ಕೋಳಿ ಫೀಡಿನ ಮೂಲಕ ಮತ್ತೆ ಮಾರುಕಟ್ಟೆಗೆ ಇಳಿದಿದ್ದು ಸುಮಾರು 90 ವರ್ಷದ ಮೇಲೆ.

ಕರ್ನಾಟಕಕ್ಕೆ ಇದರಲ್ಲಿ ಇನ್ನೊಂದು ನಂಟಿದೆ. ಗುಂಡ್ಲುಪೇಟೆ ಕಡೆ ರಸ್ತೆಬದಿ ಚೆಂಡುಹೂವಿನ ಹೊಲದಲ್ಲಿ ನಿಂತು ರೀಲ್ಸ್ ಮಾಡಿರ್ತೀರಲ್ಲ? ಆ ಹೂವೆಲ್ಲ ದೇವರಿಗೆ ಹೋಗಲ್ಲ. ಎಷ್ಟೋ ಹೂ ಕಾರ್ಖಾನೆಗೆ ಹೋಗುತ್ತೆ, ಅದರ ಸಾರ ತೆಗೀತಾರೆ. ಆ ಸಾರದ ಒಂದು ಮುಖ್ಯ ಬಳಕೆ ಕೋಳಿ ಫೀಡಿನಲ್ಲಿ, ಮೊಟ್ಟೆಯ ಭಂಡಾರಕ್ಕೆ ಒಳ್ಳೇ ಹಳದಿ ಬಣ್ಣ ಬರಲಿ ಅಂತ. ಅಂದ್ರೆ ಗಿಡದ ಸಾರ ಕೋಳಿಗೆ ಹಾಕೋದು ನಮ್ಮ ರೈತರಿಗೆ ಗೊತ್ತಿರೋ ವ್ಯಾಪಾರವೇ.

ಹರ್ಬಲ್ ಅಂದ ಮಾತ್ರಕ್ಕೆ?

ಇಲ್ಲಿ ನಾನು ಸ್ವಲ್ಪ ಬ್ರೇಕ್ ಹಾಕ್ತೀನಿ. 'ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು' ಅಂತ ಹೇಳಿ ಮುಗಿಸಿಬಿಟ್ರೆ ಲೈಕ್ ಜಾಸ್ತಿ ಬರುತ್ತೆ, ಆದರೆ ಅದು ಪೂರ್ತಿ ನಿಜ ಅಲ್ಲ.

ನಮ್ಮ ಅಜ್ಜಿ ನಾಟಿ ಕೋಳಿ ಸಾಕ್ತಿದ್ರು. ಕೋಳಿ ಮಂಕಾದ್ರೆ ಬೆಳ್ಳುಳ್ಳಿ, ಮೆಣಸು, ಅರಿಶಿನ ಅರೆದು ಉಂಡೆ ಮಾಡಿ ಕೊಕ್ಕು ಬಿಡಿಸಿ ಹಾಕ್ತಿದ್ರು. ಎಷ್ಟೋ ಕೋಳಿ ಚೇತರಿಸಿಕೊಳ್ತಿದ್ವು. ಆದರೆ ಕೊಕ್ಕರೆ ರೋಗ ಬಂದ್ರೆ ಬೆಳಿಗ್ಗೆ ಹೊತ್ತಿಗೆ ಗೂಡು ಖಾಲಿ. ಅದು ವೈರಸ್. ಇಂಗ್ಲಿಷಿನಲ್ಲಿ ನ್ಯೂಕಾಸಲ್ ಅಂತಾರೆ, ಭಾರತದಲ್ಲಿ ರಾಣಿಖೇತ್ ಅನ್ನೋ ಊರಿನ ಹೆಸರು ಅಂಟಿಕೊಂಡಿದೆ. ಅದನ್ನ ತಡೆದಿದ್ದು ಲಸಿಕೆ, ಅರಿಶಿನ ಅಲ್ಲ. ಅಜ್ಜಿಯೇ ಆಮೇಲೆ ಪಶು ಆಸ್ಪತ್ರೆಯವರು ಊರಿಗೆ ಬಂದಾಗ ಬುಟ್ಟಿ ಹೊತ್ಕೊಂಡು ಮೊದಲು ಹೋಗ್ತಿದ್ರು.

ಫೀಡಿನ ಗಿಡಮೂಲಿಕೆಗಳ ವಿಷಯದಲ್ಲೂ ಹೀಗೇ. ತೊಂದರೆಗಳು ಮೂರು.

ಒಂದು, ಗಿಡ ಒಂದೇ ಥರ ಇರಲ್ಲ. ಯಾವ ಮಣ್ಣು, ಯಾವಾಗ ಕೊಯ್ದಿದ್ದು, ಹೇಗೆ ಒಣಗಿಸಿದ್ದು ಅನ್ನೋದರ ಮೇಲೆ ಅದರೊಳಗಿನ ಅಂಶ ಏರುಪೇರಾಗುತ್ತೆ. ಓಮದ ಪುಡಿ ಒಂದು ಹಿಡಿ ಅಂದ್ರೆ ಎಷ್ಟು ಥೈಮಾಲ್? ಹೇಳೋಕಾಗಲ್ಲ. ಅದಕ್ಕೇ ಸಾರ ತೆಗೆದು, ಇಷ್ಟೇ ಪ್ರಮಾಣ ಇದೆ ಅಂತ ಅಳೆದು ಹಾಕಬೇಕಾಗುತ್ತೆ.

ಎರಡು, ಬಿಸಿ. ಫೀಡನ್ನ ಕಾಳಿನ ಆಕಾರಕ್ಕೆ ಒತ್ತುವಾಗ 70–80 ಡಿಗ್ರಿ ಆವಿಯಲ್ಲಿ ಹಾಯಿಸ್ತಾರೆ. ಈ ಎಣ್ಣೆಗಳು ಹಾರಿಹೋಗೋ ಜಾತಿ. ಒಗ್ಗರಣೆಗೆ ಹಾಕಿದ ಇಂಗು ಮನೆಯೆಲ್ಲ ಘಮ್ ಅನ್ನುತ್ತಲ್ಲ, ಹಾಗೆ. ಅದನ್ನ ತಡೆಯೋಕೆ ಎಣ್ಣೆಯ ಹನಿಗಳಿಗೆ ಕೊಬ್ಬಿನ ಕವಚ ಹಾಕ್ತಾರೆ. ಅದರಿಂದ ಇನ್ನೊಂದು ಉಪಯೋಗ: ಎಣ್ಣೆ ಕೋಳಿಯ ಕರುಳಿನ ಕೊನೆಯವರೆಗೂ ತಲುಪುತ್ತೆ.

ಮೂರು, ಪ್ರಮಾಣ. ಲ್ಯಾಬಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸಾಯಿಸೋಕೆ ಬೇಕಾದಷ್ಟು ಥೈಮಾಲನ್ನ ಫೀಡಿಗೆ ಹಾಕಿದ್ರೆ ಖರ್ಚೂ ಜಾಸ್ತಿ, ಕೋಳಿಯೂ ಮೂತಿ ತಿರುಗಿಸುತ್ತೆ. ಕಮ್ಮಿ ಹಾಕಿದ್ರೆ ಕೆಲವು ಪ್ರಯೋಗದಲ್ಲಿ ತೂಕ ಏರುತ್ತೆ, ಕೆಲವದರಲ್ಲಿ ಏನೂ ಆಗಲ್ಲ. 2008ರಲ್ಲಿ ವಿಂಡಿಶ್ ಮತ್ತು ಸಂಗಡಿಗರು ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಬರೆದ ವಿಮರ್ಶೆಯೂ ಭರವಸೆ ಇದೆ, ಆದರೆ ಇನ್ನೂ ವ್ಯವಸ್ಥಿತ ಪರೀಕ್ಷೆ ಬೇಕು ಅನ್ನೋ ಧಾಟಿಯಲ್ಲೇ ಇದೆ.

ಹಾಗಂತ ಬರೀ ಗಾಳಿಮಾತೂ ಅಲ್ಲ. 2015ರಲ್ಲಿ ಯುರೋಪಿಯನ್ ಒಕ್ಕೂಟ, ಕಾರ್ವಕ್ರಾಲ್, ಚಕ್ಕೆಯ ಅಂಶ ಮತ್ತು ಮೆಣಸಿನಕಾಯಿ ಸಾರ ಸೇರಿಸಿದ ಒಂದು ಮಿಶ್ರಣವನ್ನ ಬ್ರಾಯ್ಲರ್ ಬೆಳವಣಿಗೆಗೆ ಬಳಸೋಕೆ ಪರಿಶೀಲಿಸಿ ಒಪ್ಪಿಗೆ ಕೊಟ್ಟಿತು. 2020ರಲ್ಲಿ ಚೀನಾ ಫೀಡಿನಿಂದ ಬೆಳವಣಿಗೆಯ ಔಷಧಿಗಳನ್ನ ತೆಗೆದುಹಾಕುವಾಗ, ತನ್ನ ಸಾಂಪ್ರದಾಯಿಕ ಗಿಡಮೂಲಿಕೆಗಳಿಗೆ ಮಾತ್ರ ವಿನಾಯಿತಿ ಇಟ್ಟಿತು.

ಮಂಚದ ಪಕ್ಕದ ಬಾಟಲಿ

ಈಗ ಅಜ್ಜಿಯ ವಿಷಯ.

2018ರ ಮಳೆಗಾಲ. ಅಜ್ಜಿಗೆ ಮೂತ್ರದ ಸೋಂಕು ಆಗಿ, ರಕ್ತಕ್ಕೆ ಹಬ್ಬಿ, ಐಸಿಯು ಸೇರಿದ್ರು. ಲ್ಯಾಬ್ ರಿಪೋರ್ಟ್ ಬಂತು. ಒಂದು ಕಡೆ ಔಷಧಿಗಳ ಹೆಸರು, ಪಕ್ಕದಲ್ಲಿ 'ಆರ್', 'ಆರ್', 'ಆರ್'. ಏನು ಸರ್ ಇದು ಅಂತ ಕೇಳಿದೆ. "ರೆಸಿಸ್ಟೆಂಟ್. ಈ ಔಷಧಿ ಯಾವುದೂ ಕೆಲಸ ಮಾಡಲ್ಲ" ಅಂದ್ರು ಡಾಕ್ಟರು. ಕೆಳಗೆ ಒಂದೇ ಒಂದು ಹೆಸರಿನ ಮುಂದೆ ಬೇರೆ ಅಕ್ಷರ ಇತ್ತು. ಕೊಲಿಸ್ಟಿನ್.

ಕೊಲಿಸ್ಟಿನ್ ಹಳೇ ಔಷಧಿ. ಜಪಾನಿನಲ್ಲಿ ಸುಮಾರು 1950ರ ಹೊತ್ತಿಗೆ ಸಿಕ್ಕಿದ್ದು. ಕಿಡ್ನಿಗೆ ಹೊಡೆತ ಕೊಡುತ್ತೆ ಅಂತ 1970ರ ದಶಕದಲ್ಲಿ ವೈದ್ಯರು ಅದನ್ನ ಹೆಚ್ಚುಕಮ್ಮಿ ಬಿಟ್ಟೇಬಿಟ್ಟಿದ್ದರು. ಬೇರೆಲ್ಲ ಔಷಧಿ ಸೋಲ್ತಾ ಬಂದ ಮೇಲೆ ವಿಧಿಯಿಲ್ಲದೆ ಮತ್ತೆ ಹೊರಗೆ ತೆಗೆದರು. ಕೊನೆಯ ಅಸ್ತ್ರ ಅಂತಾರಲ್ಲ, ಅದು.

ಆ ಸಂಜೆ ಚಿಕ್ಕಪ್ಪ ಆಸ್ಪತ್ರೆಗೆ ಬಂದ್ರು. ಮಂಚದ ಪಕ್ಕದ ಔಷಧಿ ಡಬ್ಬದ ಮೇಲಿನ ಹೆಸರು ಓದಿದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಮ್ ಶೆಡ್ಡಲ್ಲೂ ಐತಲ್ಲೋ. ಮರಿ ಬಿಟ್ಟಾಗ ನೀರಿಗೆ ಹಾಕ್ತೀವಿ. ಪೌಚ್ ಮೇಲೆ ಇದೇ ಹೆಸರು" ಅಂದ್ರು.

ನಾನು ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. ಅಜ್ಜಿಗೆ ಬಂದ ಸೋಂಕು ಚಿಕ್ಕಪ್ಪನ ಶೆಡ್ಡಿಂದ ಬಂತು ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋಕೆ ಯಾವ ಆಧಾರವೂ ಇಲ್ಲ. ಮನುಷ್ಯರು ನಾವೇ ಮೆಡಿಕಲ್ ಶಾಪಿಂದ ಚೀಟಿ ಇಲ್ಲದೆ ತಂದು, ಎರಡು ದಿನ ನುಂಗಿ ಬಿಟ್ಟ ಮಾತ್ರೆಗಳ ಪಾಲೂ ಇದರಲ್ಲಿ ದೊಡ್ಡದಿದೆ. ಆದರೆ ಅಜ್ಜಿಯನ್ನ ಉಳಿಸೋಕೆ ಇದ್ದ ಒಂದೇ ಔಷಧಿ, ಐದು ಸಾವಿರ ಆರೋಗ್ಯವಂತ ಮರಿಗಳ ನೀರಿನ ಟ್ಯಾಂಕಲ್ಲೂ ಇತ್ತು. ಅದು ಮಾತ್ರ ನಿಜ.

ಇದರ ಅಪಾಯ ಏನು ಅನ್ನೋದು 2015ರ ನವೆಂಬರ್‌ನಲ್ಲೇ ಗೊತ್ತಾಗಿತ್ತು. ಕೊಲಿಸ್ಟಿನ್‌ಗೆ ಜಗ್ಗದಂತೆ ಮಾಡೋ 'ಎಂಸಿಆರ್-1' ಅನ್ನೋ ಜೀನ್ ಚೀನಾದ ಹಂದಿ, ಮಾಂಸ ಮತ್ತು ರೋಗಿಗಳಲ್ಲಿ ಸಿಕ್ಕಿತ್ತು. ಅದು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್. ನಾವು ಬ್ಲೂಟೂತ್‌ನಲ್ಲಿ ಫೈಲ್ ಕಳಿಸೋ ಹಾಗೆ. ಚೀನಾ 2017ರಲ್ಲಿ ಬೆಳವಣಿಗೆಗೆ ಕೊಲಿಸ್ಟಿನ್ ಹಾಕೋದನ್ನ ನಿಲ್ಲಿಸಿತು. ಆಮೇಲೆ ನಡೆದ ಅಧ್ಯಯನದಲ್ಲಿ, ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಆ ಜೀನ್ ಇಳಿಮುಖ ಆಗಿದ್ದು ಕಂಡುಬಂತು. 1976ರಲ್ಲಿ ಲೆವಿ ಆ ಫಾರ್ಮ್‌ನಲ್ಲಿ ನೋಡಿದ್ದೂ ಇದನ್ನೇ ಅಲ್ವಾ? ನಿಲ್ಲಿಸಿದ್ರೆ ಇಳಿಯುತ್ತೆ.

ಭಾರತದಲ್ಲಿ 2019ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆಹಾರಕ್ಕಾಗಿ ಸಾಕುವ ಪ್ರಾಣಿಗಳು, ಕೋಳಿ, ಮೀನು ಮತ್ತು ಫೀಡಿನಲ್ಲಿ ಕೊಲಿಸ್ಟಿನ್ ಬಳಕೆಯನ್ನ ನಿಷೇಧಿಸಿತು. ಚಿಕ್ಕಪ್ಪನ ಶೆಡ್ಡಿಂದ ಆ ಪೌಚ್ ಮಾಯ ಆಗಿದ್ದು, ಓಮದ ವಾಸನೆ ಬಂದಿದ್ದು ಅದರ ಮೇಲೆ.

ಚಿಕ್ಕಪ್ಪನ ಲೆಕ್ಕ

ಈ ಸಂಚಿಕೆಗೋಸ್ಕರ ಚಿಕ್ಕಪ್ಪನ ಬ್ಯಾಚ್ ಪುಸ್ತಕ ತೆಗೆಸಿ ನೋಡಿದೆ. ಓಮ ಬಂದ ಮೇಲೆ ಏನಾಯ್ತು ಚಿಕ್ಕಪ್ಪ ಅಂತ ಕೇಳಿದೆ.

"ಮೊದಲ ಎರಡು ಬ್ಯಾಚ್ ಏಟು ಬಿತ್ತು. ಭೇದಿ ಜಾಸ್ತಿ, ಹೊಟ್ಟು ಒದ್ದೆ. ಕೂಲಿ ಕಮ್ಮಿ ಬಂತು. ಆಮೇಲೆ ಸರಿಹೋಯ್ತು."

ಓಮದಿಂದಾನಾ ಸರಿಹೋಗಿದ್ದು?

ಚಿಕ್ಕಪ್ಪ ನಕ್ಕರು. "ಓಮ ಒಂದೇ ಅಂತ ಹೆಂಗೆ ಹೇಳಲಿ? ಪೈಪ್‌ಲೈನ್ ತೊಳ್ಯೋಕೆ ಶುರು ಮಾಡ್ದೆ. ಭತ್ತದ ಹೊಟ್ಟು ದಿನಾ ಕೆದಕ್ತೀನಿ. ಬ್ಯಾಚಿಗೂ ಬ್ಯಾಚಿಗೂ ಮಧ್ಯೆ ಶೆಡ್ ಖಾಲಿ ಬಿಟ್ಟು ಸುಣ್ಣ ಹೊಡೀತೀನಿ. ಮುಂಚೆ ಪೌಡರ್ ಐತಲ್ಲ ಅಂತ ಇದ್ಯಾವುದೂ ಮಾಡ್ತಿರಲಿಲ್ಲ."

ಇತಿಹಾಸದ ಪುಸ್ತಕದಲ್ಲಿ ನಾನು ಓದಿದ್ದೂ ಇದೇ. ಡೆನ್ಮಾರ್ಕ್, ಸ್ವೀಡನ್‌ನಲ್ಲೂ ಆ್ಯಂಟಿಬಯಾಟಿಕ್ ಜಾಗಕ್ಕೆ ಯಾವುದೋ ಒಂದು ಮ್ಯಾಜಿಕ್ ಪುಡಿ ಬರಲಿಲ್ಲ. ಶೆಡ್ ಸ್ವಚ್ಛತೆ, ಗಾಳಿ, ನೀರು, ಲಸಿಕೆ, ಒಳ್ಳೇ ಫೀಡ್, ಎಲ್ಲ ಸೇರಿ ಆ ಜಾಗ ತುಂಬಿದ್ವು. ಗಿಡಮೂಲಿಕೆ ಸಾರ ಅವುಗಳ ಜೊತೆ ಕೈ ಜೋಡಿಸಬಹುದು. ಒಂದೇ ಹೊರೆ ಹೊರಲ್ಲ.

ಹಾಗಾದ್ರೆ ಕೇಳುಗರಾದ ನಾವು ಏನು ಮಾಡಬಹುದು? ಪ್ಯಾಕೆಟ್ ಮೇಲೆ 'ಹರ್ಬಲ್' ಅಂತ ಹಸಿರು ಎಲೆ ಇದ್ದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಹಾಕಿಲ್ಲ ಅಂತ ಅರ್ಥ ಅಲ್ಲ. ಎರಡೂ ಬೇರೆ ಪ್ರಶ್ನೆ, ಎರಡನ್ನೂ ಕೇಳಿ. ಕೋಳಿ ಚೆನ್ನಾಗಿ ಬೇಯಿಸಿ, ಹಸಿ ಮಾಂಸ ಮುಟ್ಟಿದ ಕೈ, ಚಾಕು ತೊಳೀರಿ. ಮತ್ತೆ ನೆಗಡಿಗೆ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ನುಂಗಬೇಡಿ. ರೈತರಿಗೆ ಬುದ್ಧಿ ಹೇಳೋ ಮುಂಚೆ ನಮ್ಮ ಬ್ಯಾಗಿನ ಮಾತ್ರೆ ಸ್ಟ್ರಿಪ್ ನೋಡ್ಕೊಳ್ಳೋಣ.

ಅಜ್ಜಿ ಆಗ ಉಳಿದರು. ಮೂರು ವಾರದ ಮೇಲೆ ಮನೆಗೆ ಬಂದ್ರು, ಆದರೆ ಕಿಡ್ನಿ ಮುಂಚಿನ ಹಾಗೆ ಆಗಲೇ ಇಲ್ಲ. ಇನ್ನೂ ಎರಡು ವರ್ಷ ನಮ್ಮ ಜೊತೆಗಿದ್ರು. ಓಮದ ಫೀಡ್ ಬಂದ ದಿನ ಚಿಕ್ಕಪ್ಪ ಒಂದು ಹಿಡಿ ತಂದು ಅವರಿಗೂ ಮೂಸಿಸಿದ್ರು. ಅಜ್ಜಿ ಮೂಸಿ ನೋಡಿ, "ಕೋಳಿಗೂ ಹೊಟ್ಟೆನೋವಾ?" ಅಂತ ಕೇಳಿದ್ರು.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ, ಊರಲ್ಲಿ ಕೋಳಿ ಸಾಕೋರು ಇದ್ರೆ ಈ ಸಂಚಿಕೆ ಅವರಿಗೆ ಕೇಳಿಸಿ, ಅವರ ಲೆಕ್ಕ ಏನು ಹೇಳುತ್ತೆ ಅಂತ ನಮಗೆ ಕಳಿಸಿ.